ಕಟ್ಟಡ ವಿದ್ಯೆಯ ಪರೀಕ್ಷೆಗಳು: ನಪಾಸಾದವರು ಮರಳಿ ಕೂರುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಕಟ್ಟಡದ ಕೆಲಸಕ್ಕೆ ಸಂಬಂಧಪಟ್ಟವರೂ ಇದ್ದಾರೆ. ಗುತ್ತಿಗೆದಾರರ ಕಚೇರಿಯಲ್ಲಿ ಲೆಕ್ಕ ಬರೆಯುವವರು, ಸೈಟಿನಲ್ಲಿ ಸಿಮೆಂಟಿನ ಚೀಲ ಎಣಿಸಿ ಹಾಜರಿ ಹಾಕುವವರು, ಕಂಪ್ಯೂಟರಿನ ಮೇಲೆ ನಕ್ಷೆ ತೆಗೆಯುವವರು. ಇವರು ಕೇಳುವ ಪ್ರಶ್ನೆ ಸುತ್ತಿ ಬಳಸಿ ಒಂದೇ ಆಗಿರುತ್ತದೆ. ನಕ್ಷೆ ತೆಗೆಯುವವರು ನಾವು, ಅದರ ಕೆಳಗೆ ಸಹಿ ಹಾಕುವವರು ಬೇರೊಬ್ಬರು. ಆ ಸಹಿಯ ಅಧಿಕಾರ ಬರಬೇಕಾದರೆ ಯಾವ ಪರೀಕ್ಷೆಗೆ ಕೂರಬೇಕು? ಇದರ ಬೆನ್ನಿಗೇ ದನಿ ತಗ್ಗಿಸಿ ಬರುವ ಇನ್ನೊಂದು ಮಾತೂ ಉಂಟು: ಹಿಂದೆ ಒಮ್ಮೆ ಕೂತು ನಪಾಸಾಗಿದೆ, ಇನ್ನು ಆದೀತೇ? ಈ ಎರಡು ಪ್ರಶ್ನೆಗಳಿಗೆ ನಮಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಕೊಡುತ್ತೇವೆ.

ಮೊದಲು, ಆ ಸಹಿಗೆ ಇಷ್ಟು ಕಟ್ಟುಪಾಡು ಏಕೆ ಎಂಬುದನ್ನು ಹೇಳಿಬಿಡಬೇಕು. ಪಾಂಡೇಸರಾದವರಿಗೆ ದೂರದ ಉದಾಹರಣೆ ಬೇಕಾಗಿಲ್ಲ. 2024ರ ಜುಲೈ 6ರಂದು ನಮ್ಮ ಪಕ್ಕದ ಸಚಿನ್ ಭಾಗದಲ್ಲಿ ಹಲವು ಅಂತಸ್ತಿನ ವಾಸದ ಕಟ್ಟಡವೊಂದು ಕುಸಿದು ಏಳು ಜನ ಸತ್ತರು. ಅಲ್ಲಿ ಬಾಡಿಗೆಗಿದ್ದವರು ಬಹುಮಟ್ಟಿಗೆ ಗಿರಣಿಗಳಿಗೆ ದುಡಿಯಲು ಬಂದವರು. ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಅದಕ್ಕೂ ಹಿಂದೆ, 2019ರ ಮೇ 24ರಂದು, ಇದೇ ಸೂರತ್ತಿನ ಸರ್ಥಾಣಾದಲ್ಲಿ ತಕ್ಷಶಿಲಾ ಎಂಬ ಮಳಿಗೆಗೆ ಬೆಂಕಿ ಬಿತ್ತು. ಅನಧಿಕೃತವಾಗಿ ಏರಿಸಿದ್ದ ಮೇಲಿನ ಅಂತಸ್ತಿನಲ್ಲಿ ಪಾಠ ನಡೆಯುತ್ತಿತ್ತು. ಇಳಿಯಲು ಸರಿಯಾದ ದಾರಿ ಇರಲಿಲ್ಲ. ಮಕ್ಕಳು ಮೇಲಿನಿಂದ ಧುಮುಕಿದರು. ಇಪ್ಪತ್ತೆರಡು ಜನ ತೀರಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ 2001ರ ಜನವರಿ 26ರ ಕಚ್ಛದ ಭೂಕಂಪ. ಭೂಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರವಿದ್ದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಹತ್ತಾರು ಸಂಖ್ಯೆಯಲ್ಲಿ ನೆಲಕ್ಕಿಳಿದವು. ಅವುಗಳಲ್ಲಿ ಅನೇಕದರ ದೋಷ ಒಂದೇ ಬಗೆಯದು: ವಾಹನ ನಿಲ್ಲಿಸಲೆಂದು ನೆಲದಂತಸ್ತನ್ನು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಬಿಟ್ಟಿದ್ದರು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿದ್ದವು, ಕೆಳಗಿನದು ಮಾತ್ರ ಬಡಕಲು. ನೆಲ ಅಡ್ಡಡ್ಡ ತೂಗಿದಾಗ ಅಷ್ಟೂ ಭಾರ ಆ ಕಂಬಗಳ ಕೊರಳಿಗೆ ಬಿತ್ತು.

ಯಾವ ಸಂದರ್ಭದಲ್ಲಿ ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯಗಳ ಕೆಲಸ. ಆದರೆ ಬಲದ ಲೆಕ್ಕ, ಮೆಟ್ಟಿಲಿನ ಅಗಲ, ಹೊರಗೆ ಓಡುವ ದಾರಿ ಇವುಗಳನ್ನು ಬಲ್ಲವನೊಬ್ಬ ತನ್ನ ಹೆಸರು ಬರೆದು ಜವಾಬು ಹೊರಬೇಕು ಎಂಬುದಕ್ಕಾಗಿಯೇ ಈ ಪರೀಕ್ಷೆಗಳು ಹುಟ್ಟಿಕೊಂಡವು. ಅಮೆರಿಕದ ಇಲಿನಾಯ್ ಪ್ರಾಂತ್ಯವು 1897ರಲ್ಲಿ ಆರ್ಕಿಟೆಕ್ಟರಿಗೆ ಸನ್ನದು ಕೊಡುವ ಕಾನೂನು ಮಾಡಿತು. ಆ ದೇಶದಲ್ಲಿ ಅದೇ ಮೊದಲು. ಇಂಗ್ಲೆಂಡಿನಲ್ಲಿ ನೋಂದಣಿಯ ಕಾನೂನು 1931ರಲ್ಲಿ ಬಂತು. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯಿದೆ.

ನಮ್ಮ ಕಾಯಿದೆಯ ವಿಶೇಷವನ್ನು ಹಲವರು ತಿಳಿದಿಲ್ಲ. ಅಮೆರಿಕದಲ್ಲಿ ಪದವಿ ಮುಗಿಸಿದವನು ಕಚೇರಿಯೊಂದರಲ್ಲಿ ಪಳಗಿ, ಆಮೇಲೆ ಸನ್ನದಿನ ಪರೀಕ್ಷೆಗೆ ಬೇರೆಯಾಗಿ ಕೂರಬೇಕು. ಭಾರತದಲ್ಲಿ ಹಾಗೆ ಪದವಿಯಾದ ಮೇಲೆ ಇನ್ನೊಂದು ಸನ್ನದಿನ ಪರೀಕ್ಷೆ ಇಲ್ಲ. ಕಾಯಿದೆಯ ಅನುಸೂಚಿಯಲ್ಲಿ ಹೆಸರಿಸಿದ ವಿದ್ಯಾರ್ಹತೆ ಇದ್ದವರು ಆರ್ಕಿಟೆಕ್ಚರ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಾಕು, ದೇಶದ ಯಾವ ಮೂಲೆಯಲ್ಲಾದರೂ ವೃತ್ತಿ ನಡೆಸಬಹುದು. ಮುಂಬಯಿಯ ಜೆ.ಜೆ. ಕಲಾಶಾಲೆಯ ಹಳೆಯ ಡಿಪ್ಲೊಮಾ, ಬರೋಡೆಯ ಕಲಾಭವನದ ಡಿಪ್ಲೊಮಾ, ಅಹಮದಾಬಾದಿನ ಸ್ಕೂಲ್ ಆಫ್ ಆರ್ಕಿಟೆಕ್ಚರಿನ ಡಿಪ್ಲೊಮಾ ಇವೆಲ್ಲ ಆ ಅನುಸೂಚಿಯಲ್ಲಿ ಸೇರಿವೆ. ಕಲಾಭವನ ಎಂದರೆ ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಕೈಕಸುಬಿನ ವಿದ್ಯೆಗಾಗಿ ತೆರೆದ ಶಾಲೆ. ಅಹಮದಾಬಾದಿನದು ಬಾಲಕೃಷ್ಣ ದೋಶಿಯವರು 1962ರಲ್ಲಿ ಕಟ್ಟಿದ್ದು. ಅಂದರೆ ನಾವು ದುಡಿಯಲು ಬಂದಿರುವ ಈ ಪ್ರಾಂತ್ಯ ಕಟ್ಟಡ ವಿದ್ಯೆಗೆ ಹೊಸದೇನಲ್ಲ.

ಅನುಸೂಚಿಯಲ್ಲಿ ಇನ್ನೊಂದು ಬಾಬು ಇದೆ: ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸಂಸ್ಥೆಯ ಸದಸ್ಯತ್ವ. 1917ರಲ್ಲಿ ಮುಂಬಯಿಯ ವಿದ್ಯಾರ್ಥಿಗಳ ಸಂಘವಾಗಿ ಹುಟ್ಟಿ 1929ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆ ತಾನೇ ಪರೀಕ್ಷೆಗಳನ್ನು ನಡೆಸುತ್ತಿತ್ತು. ಕಾಲೇಜಿನ ಮೆಟ್ಟಿಲು ಹತ್ತದೆ, ಹಗಲು ಕಚೇರಿಯಲ್ಲಿ ನಕ್ಷೆ ತೆಗೆದು ರಾತ್ರಿ ಓದಿ ಮೇಲೆ ಬಂದವರಿಗೆ ಇದ್ದ ದಾರಿ ಅದು. ಈಗ ಆ ದಾರಿಯನ್ನು ನಂಬಿ ಮನೆ ಮಾರು ಕಟ್ಟಬಾರದು. ಇಂದಿನ ಮುಖ್ಯ ಬಾಗಿಲು ಐದು ವರ್ಷದ ಬಿ.ಆರ್ಕ್. ಪದವಿಯೇ.

ಕಾನೂನಿನ ಬಗ್ಗೆ ಇನ್ನೊಂದು ಮಾತು. 'ಆರ್ಕಿಟೆಕ್ಟ್' ಎಂಬ ಹೆಸರನ್ನು ನೋಂದಣಿ ಇಲ್ಲದವರು ಹಾಕಿಕೊಳ್ಳುವುದು ಅಪರಾಧ. ಆದರೆ 2020ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಯಿದೆ ಕಾಪಾಡುವುದು ಆ ಹೆಸರನ್ನು. ನೋಂದಣಿಯಿಲ್ಲದವರು ನಕ್ಷೆ, ವಿನ್ಯಾಸಗಳ ಕೆಲಸ ಮಾಡುವುದನ್ನೇ ಅದು ತಡೆಯುವುದಿಲ್ಲ ಎಂದು ತೀರ್ಪಿತ್ತಿತು. ಆದುದರಿಂದ ಡ್ರಾಫ್ಟ್ಸ್‌ಮನ್ ಕೆಲಸದಲ್ಲಿರುವ ನಮ್ಮ ಮಿತ್ರರು ಹೆದರಬೇಕಾಗಿಲ್ಲ. ಭೇಟಿಪತ್ರದ ಮೇಲೆ ಮಾತ್ರ ಇಲ್ಲದ ಬಿರುದನ್ನು ಅಚ್ಚು ಹಾಕಿಸಬಾರದು. ನಗರಪಾಲಿಕೆಗೆ ಸಲ್ಲಿಸುವ ನಕ್ಷೆಯ ಮಾತು ಬೇರೆ. ಅಲ್ಲಿ ಯಾರ ಸಹಿ ನಡೆಯುತ್ತದೆ ಎಂಬುದನ್ನು ಪಾಲಿಕೆಯ ನಿಯಮವೇ ಹೇಳುತ್ತದೆ. ಗುಜರಾತಿನ 2017ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಒಂದೇ ಕಟ್ಟಡಕ್ಕೆ ಹಲವರನ್ನು ಹೊಣೆ ಮಾಡುತ್ತವೆ: ನಕ್ಷೆಗೆ ಆರ್ಕಿಟೆಕ್ಟ್ ಇಲ್ಲವೆ ಎಂಜಿನಿಯರ್, ಬಲದ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್, ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಳ್ಳಲು 'ಕ್ಲಾರ್ಕ್ ಆಫ್ ವರ್ಕ್ಸ್'. ಹೆಸರಿನಲ್ಲಿ ಗುಮಾಸ್ತನಿದ್ದರೂ ಇದು ಮೇಜಿನ ಗುಮಾಸ್ತಿಕೆಯಲ್ಲ. ಕಬ್ಬಿಣ ಸರಿಯಾಗಿ ಕಟ್ಟಿದ್ದಾರೆಯೇ, ಗಾರೆಗೆ ನೀರು ಹೆಚ್ಚಾಯಿತೇ ಎಂದು ಕಣ್ಣಿಟ್ಟು ನೋಡುವ ಕೆಲಸ. ನಮ್ಮವರಲ್ಲಿ ಅನೇಕರು ಹೆಸರಿಲ್ಲದೆ ಇದೇ ಕೆಲಸ ಮಾಡುತ್ತಿದ್ದಾರೆ. ಇಂತಹ ಹೊಣೆಗಳಿಗೆ ಬೇಕಾದ ವಿದ್ಯಾರ್ಹತೆ, ಅನುಭವಗಳ ಪಟ್ಟಿ ಆ ನಿಯಮಗಳಲ್ಲಿಯೇ ಇರುತ್ತದೆ. ಬಿ.ಆರ್ಕ್. ಒಂದೇ ಏಣಿ ಎಂದು ಕುಳಿತುಕೊಳ್ಳುವ ಮುನ್ನ ಅದನ್ನು ತರಿಸಿ ಓದುವುದು ಲೇಸು.

ಇನ್ನು ನಪಾಸಿನ ವಿಷಯ. ಅಮೆರಿಕದ ಸನ್ನದು ಪರೀಕ್ಷೆಯ ಕಡೆ ಒಮ್ಮೆ ನೋಡೋಣ. ಅಲ್ಲಿ ನೆಲೆಸಿದ ಕನ್ನಡ ಮನೆತನಗಳ ಮಕ್ಕಳೂ ಈ ವೃತ್ತಿಗೆ ಹೋಗಬೇಕಾದರೆ ಅದಕ್ಕೇ ಕೂರಬೇಕು. ಈಗಿನ ರೂಪದ ಆ ಪರೀಕ್ಷೆ 2016ರಲ್ಲಿ ಆರಂಭವಾಯಿತು. ಅದರಲ್ಲಿ ಆರು ಭಾಗಗಳು. ಕಚೇರಿ ನಡೆಸುವುದು, ಕೆಲಸದ ಆಡಳಿತ, ನಿವೇಶನದ ಪರಿಶೀಲನೆ, ಯೋಜನೆ, ವಿವರದ ನಕ್ಷೆಗಳು, ಕಟ್ಟುವಾಗಿನ ಮೇಲ್ವಿಚಾರಣೆ ಎಂದು ಅವನ್ನು ಸ್ಥೂಲವಾಗಿ ಹೇಳಬಹುದು. ಐದು ವರ್ಷ ಕಾಲೇಜು ಮುಗಿಸಿ, ಕಚೇರಿಯಲ್ಲಿ ಸಾವಿರಾರು ತಾಸು ದುಡಿದವರೇ ಕೂರುವ ಈ ಪರೀಕ್ಷೆಯಲ್ಲಿ, ಒಂದೊಂದು ಭಾಗದಲ್ಲೂ ತೇರ್ಗಡೆಯಾಗುವವರು ಅರ್ಧದ ಆಚೀಚೆ. ಅಂದರೆ ಸನ್ನದು ಪಡೆದು ದೊಡ್ಡ ದೊಡ್ಡ ಕಟ್ಟಡ ಕಟ್ಟುತ್ತಿರುವವರಲ್ಲಿ ಎಷ್ಟೋ ಮಂದಿ ಒಮ್ಮೆಯಲ್ಲ ಒಮ್ಮೆ ನಪಾಸಾದವರೇ. ಆ ಪದ್ಧತಿಯಲ್ಲಿ ನಮಗೆ ಮೆಚ್ಚಿಗೆಯಾದ ಎರಡು ಅಂಶಗಳಿವೆ. ಒಂದು, ಒಂದು ಭಾಗದಲ್ಲಿ ಸೋತವನು ಆ ಭಾಗಕ್ಕೆ ಮಾತ್ರ ಮತ್ತೆ ಕೂರುತ್ತಾನೆ, ಅರವತ್ತು ದಿನ ಕಳೆದ ಮೇಲೆ. ಒಂದೇ ಭಾಗಕ್ಕೆ ವರ್ಷದಲ್ಲಿ ಮೂರು ಸಲದ ತನಕ ಅವಕಾಶ. ಎರಡು, ಸೋತವನ ಕೈಗೆ ಕೊಡುವ ಪತ್ರಿಕೆಯಲ್ಲಿ ಅವನು ಯಾವ ಯಾವ ಪ್ರಕರಣದಲ್ಲಿ ದುರ್ಬಲ ಎಂಬುದನ್ನು ಬಿಡಿಸಿ ತೋರಿಸಿರುತ್ತಾರೆ. ನಮ್ಮ ಊರುಗಳಲ್ಲಿ 'ಫೇಲಾದ' ಎಂಬ ಒಂದೇ ಮಾತಿನಲ್ಲಿ ಹುಡುಗನನ್ನು ಪೂರ್ತಿಯಾಗಿ ಅಳೆದುಬಿಡುತ್ತಾರಲ್ಲವೆ? ಎಲ್ಲಿ ಫೇಲಾದ, ಎಷ್ಟರಿಂದ ಫೇಲಾದ ಎಂದು ಕೇಳುವವರು ಕಡಿಮೆ. ಮರಳಿ ಕೂರುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.

ನಮ್ಮ ತರುಣರ ಮಟ್ಟಿಗೆ ಅದರ ಉತ್ತರ ಬಹಳ ಸಲ ಗಣಿತವೇ ಆಗಿರುತ್ತದೆ. ಹತ್ತನೆಯ ತರಗತಿಯಲ್ಲಿ ಗಣಿತ ಹೋಯಿತು, ಅಲ್ಲಿಗೆ ಓದು ನಿಂತಿತು, ಗಾಡಿ ಹತ್ತಿದ್ದಾಯಿತು. ಐ.ಟಿ.ಐ.ಯ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿಗೆ ಗಣಿತ, ವಿಜ್ಞಾನಗಳೊಂದಿಗೆ ಹತ್ತನೆಯದು ಆಗಿರಬೇಕು, ಪಾಲಿಟೆಕ್ನಿಕ್ಕಿಗೂ ಅದೇ ಬುನಾದಿ, ಬಿ.ಆರ್ಕ್. ಸೇರಲು ಹನ್ನೆರಡನೆಯದರಲ್ಲಿಯೋ ಡಿಪ್ಲೊಮಾದಲ್ಲಿಯೋ ಗಣಿತ ಇರಲೇಬೇಕು. ಹೀಗಾಗಿ ಒಂದು ವಿಷಯದ ಸೋಲು ಮುಂದಿನ ನಾಲ್ಕು ಬಾಗಿಲುಗಳಿಗೂ ಅಗಳಿ ಹಾಕುತ್ತದೆ. ಈ ಅಗಳಿ ತೆಗೆಯಲು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಎಂದರೆ ಎನ್.ಐ.ಒ.ಎಸ್., ಕೆಲಸಗಾರನಿಗೆ ಹೇಳಿ ಮಾಡಿಸಿದಂತಿದೆ. 1989ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ ನಡೆಯುತ್ತದೆ; ಆ ಅವಧಿಯಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಲು ಅವಕಾಶ; ತೇರ್ಗಡೆಯಾದ ವಿಷಯ ಜಮಾ ಆಗಿಯೇ ಉಳಿಯುತ್ತದೆ. ಬ್ಯಾಂಕಿನ ಪುಸ್ತಕದಂತೆ ಒಂದೊಂದೇ ವಿಷಯ ಕೂಡಿಸುತ್ತ ಹೋಗಬಹುದು. ಈ ಸಲ ಕನ್ನಡ ಮತ್ತು ಸಮಾಜ, ಬರುವ ಸಲ ವಿಜ್ಞಾನ, ಅದರಾಚೆ ಗಣಿತಕ್ಕೆಂದೇ ಒಂದು ಪೂರ್ತಿ ವರ್ಷ ಎಂದು ಹಂಚಿಕೊಂಡರೆ ತಲೆಯ ಮೇಲಿನ ಭಾರ ಇಳಿಯುತ್ತದೆ.

ಆ ಮೇಲಿನ ಮೆಟ್ಟಿಲುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಡ್ರಾಫ್ಟ್ಸ್‌ಮನ್ ತರಬೇತಿ ಎರಡು ವರ್ಷ; ಅದು ಮುಗಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಉಂಟು; ಮೂರು ವರ್ಷದ ಡಿಪ್ಲೊಮಾ ಮುಗಿದವರಿಗೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ. ಬಿ.ಆರ್ಕ್.ನಲ್ಲಿ ಮಾತ್ರ ಈ ಅಡ್ಡಹಾದಿ ಇಲ್ಲ. ಡಿಪ್ಲೊಮಾದವರೂ ಮೊದಲ ವರ್ಷದಿಂದಲೇ ಆರಂಭಿಸಬೇಕು. ಹಗಲು ದುಡಿಯುವವರಿಗೆ ಇದು ಕಷ್ಟದ ಸಂಗತಿ. ಸಂಸಾರವಂದಿಗರಿಗೆ ಬಿ.ಆರ್ಕ್.ಗಿಂತ ಡಿಪ್ಲೊಮಾ, ಸಿವಿಲ್ ಎಂಜಿನಿಯರಿಂಗಿನ ಹಾದಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಕೆಲಸದಲ್ಲಿರುವವರಿಗಾಗಿ ಹೊಂದಿಕೆಯ ವೇಳೆಯಲ್ಲಿ ಡಿಪ್ಲೊಮಾ, ಪದವಿ ತರಗತಿ ನಡೆಸಲು ಎ.ಐ.ಸಿ.ಟಿ.ಇ.ಯವರು 2023ರಲ್ಲಿ ಕಾಲೇಜುಗಳಿಗೆ ಅವಕಾಶ ಕೊಟ್ಟರು. ಹತ್ತಿರದ ಯಾವ ಕಾಲೇಜಿಗೆ ಆ ಅನುಮತಿ ಇದೆ ಎಂದು ವಿಚಾರಿಸಿಕೊಂಡು ಹೋಗಬೇಕು. ಬಿ.ಆರ್ಕ್.ಗೇ ಹೋಗುವೆನೆಂಬ ಎಳೆಯರು 'ನಾಟಾ' ಎಂಬ ಪ್ರವೇಶ ಪರೀಕ್ಷೆಗೆ ಕೂರಬೇಕು. ಆರ್ಕಿಟೆಕ್ಚರ್ ಪರಿಷತ್ತು 2006ರಿಂದ ಇದನ್ನು ನಡೆಸುತ್ತಿದೆ. ಇದರಲ್ಲಿ ಚಿತ್ರ ಬರೆಯುವ ಕೈ, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿ ಎರಡನ್ನೂ ಪರೀಕ್ಷಿಸುತ್ತಾರೆ. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಹೋದ ವರ್ಷದವರ ಮಾತು ನಂಬದೆ ಆಯಾ ವರ್ಷದ ಪ್ರಕಟಣೆಯನ್ನೇ ಓದತಕ್ಕದ್ದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಬಿಡಿಸಿಯೇ ಹೇಳುತ್ತೇವೆ. ನಪಾಸಾದವನ ವಿಳಾಸ ಕೆಲವು ಅಂಗಡಿಗಳಿಗೆ ಹೇಗೋ ತಿಳಿದುಬಿಡುತ್ತದೆ. 'ತರಗತಿ ಬೇಡ, ಪರೀಕ್ಷೆ ಸುಲಭ, ಒಂದೇ ವರ್ಷದಲ್ಲಿ ಮೂರು ವರ್ಷದ ಸರ್ಟಿಫಿಕೇಟು' ಎಂದು ಫೋನು ಬರುತ್ತದೆ. ಸೋತು ಬೇಸತ್ತವನಿಗೆ ಇದು ಹಾಲು ಕುಡಿದಷ್ಟು ಹಿತವಾಗಿ ಕೇಳಿಸುವುದು ಸಹಜ. ಆದರೆ ದೂರಶಿಕ್ಷಣದ ಬಿ.ಆರ್ಕ್. ಪದವಿಗೆ ಪರಿಷತ್ತಿನ ಮನ್ನಣೆ ಇಲ್ಲ. ದೂರಶಿಕ್ಷಣದಲ್ಲಿ ಅನುಮೋದನೆಯಿಲ್ಲದೆ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ನವೆಂಬರ್ 3ರಂದು ಕಟುವಾದ ತೀರ್ಪನ್ನೇ ಕೊಟ್ಟಿತು. ಎಷ್ಟೋ ಜನರ ಪದವಿ ತೂಗುಯ್ಯಾಲೆಗೆ ಬಿತ್ತು. ಹಳಬರು ಗೌರವದಿಂದ ನೆನೆಯುವ ಎ.ಎಂ.ಐ.ಇ. ಪರೀಕ್ಷೆಯ ಕತೆಯೂ ಬದಲಾಗಿದೆ. 1920ರಲ್ಲಿ ಮದರಾಸಿನಲ್ಲಿ ಆರಂಭವಾಗಿ 1935ರಲ್ಲಿ ರಾಜಸನ್ನದು ಪಡೆದ ಎಂಜಿನಿಯರುಗಳ ಸಂಸ್ಥೆ ನಡೆಸುವ ಈ ಪರೀಕ್ಷೆ ಒಂದು ಕಾಲಕ್ಕೆ ಬಡ ಓವರ್‌ಸಿಯರನ ಕಲ್ಪವೃಕ್ಷವಾಗಿತ್ತು. ಸೆಕ್ಷನ್ 'ಎ', ಸೆಕ್ಷನ್ 'ಬಿ' ಎಂದು ಎರಡು ಘಟ್ಟ. ಸಲಸಲವೂ ಕೆಲವು ವಿಷಯ ಪಾಸು, ಕೆಲವು ನಪಾಸು. ಎಂಟು ಹತ್ತು ವರ್ಷ ಪಟ್ಟು ಹಿಡಿದು ಕೂತು ಎಂಜಿನಿಯರಾದವರು ಎಲ್ಲ ಪ್ರಾಂತ್ಯಗಳಲ್ಲೂ ಇದ್ದಾರೆ. ಆದರೆ ಸರಕಾರಿ ನೌಕರಿಗೆ ಪದವಿಯ ಸಮಾನವೆಂಬ ಮನ್ನಣೆ 2013ರ ಮೇ 31ರ ತನಕ ಹೆಸರು ಹಚ್ಚಿದವರಿಗೆ ಉಳಿಯಿತು. ಆಮೇಲೆ ಬಂದವರಿಗೆ ಆ ಭರವಸೆ ಇಲ್ಲ. ಹಿಂದಿನವರು ಪಾಸಾಗಿ ಮೇಲೆ ಬಂದರೆಂದು ಇಂದು ದುಡ್ಡು ಕಟ್ಟುವ ಮುನ್ನ ಇದು ನೆನಪಿರಲಿ. ಯಾವ ಸರ್ಟಿಫಿಕೇಟಿಗಾಗಲಿ, ಹಣ ಕೊಡುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಇದಕ್ಕೆ ಮನ್ನಣೆ ಕೊಟ್ಟವರು ಯಾರು? ಅವರ ಪಟ್ಟಿಯಲ್ಲಿ ಈ ಸಂಸ್ಥೆಯ ಹೆಸರು ಎಲ್ಲಿದೆ? ಪಟ್ಟಿ ತೋರಿಸದೆ ಮಾತು ತಿರುಗಿಸಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ ಸರಿ.

ಓದುವ ಬಗೆಗೆ ಬರೋಣ. ಬಣ್ಣದ ಮಿಲ್ಲಿನಲ್ಲಿ ಹನ್ನೆರಡು ಗಂಟೆಯ ಪಾಳಿ, ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ಭಾವಿಸೋಣ. ಇಂತಹವರಿಗೆ 'ದಿನಕ್ಕೆ ಐದು ತಾಸು ಓದು' ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ. ದಿನಕ್ಕೆ ಒಂದು ತಾಸಿನಂತೆ ಆರು ದಿನ, ರಜೆಯ ದಿನ ಮೂರು ತಾಸು ಎಂದು ಹಿಡಿದರೆ ವಾರಕ್ಕೆ ಒಂಬತ್ತು ತಾಸು. ಇಪ್ಪತ್ತಾರು ವಾರಕ್ಕೆ 234 ತಾಸು. ಇದು ಸಣ್ಣ ಬಂಡವಾಳವಲ್ಲ. ಆದರೆ ಈ ತಾಸುಗಳನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಅನೇಕರು ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಲು ತೊಡಗುತ್ತಾರೆ. ಮೊದಲ ಪ್ರಕರಣಗಳು ಹೇಗೂ ಪರಿಚಯದವು. ಓದುತ್ತಿದ್ದಂತೆ ಎಲ್ಲ ಬಂದಂತೆಯೇ ತೋರುತ್ತದೆ. ಕೊನೆಯ ಪ್ರಕರಣಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು. ವಾರದ ನಂತರ ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದು. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಷ್ಟೆ. ಆದುದರಿಂದ ತಾಸಿನ ಅರ್ಧವನ್ನು ಓದಿಗೆ, ಅರ್ಧವನ್ನು ಪುಸ್ತಕ ಮುಚ್ಚಿ ಬರೆಯುವುದಕ್ಕೆ ಇಡಿ. ರಜೆಯ ದಿನದ ಮೂರು ತಾಸಿನಲ್ಲಿ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟು ಬಿಡಿಸಿ. ತಪ್ಪಾದ ಪ್ರಶ್ನೆಗಳನ್ನು ಬೇರೆ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಕಾರಣ ಬರೆಯಿರಿ: ತಿಳಿದಿರಲಿಲ್ಲವೋ, ತಿಳಿದೂ ಲೆಕ್ಕ ತಪ್ಪಿತೋ, ವೇಳೆ ಸಾಲದಾಯಿತೋ, ಪ್ರಶ್ನೆಯ ಇಂಗ್ಲಿಷೇ ಅರ್ಥವಾಗಲಿಲ್ಲವೋ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ರಾತ್ರಿಪಾಳಿಯ ವಾರದಲ್ಲಿ ಹೊಸ ಪಾಠಕ್ಕೆ ಕೈ ಹಾಕದೆ ಈ ತಪ್ಪಿನ ನೋಟ್‌ಬುಕ್ಕನ್ನೇ ತಿರುವಿದರೆ ಸಾಕು.

ಭಾಷೆಯ ತೊಡಕು ನಮ್ಮವರಿಗೆ ಎರಡು ಪಾಲು. ಊರಿನ ಗೌಂಡಿ ಇಲ್ಲಿ ಕಡಿಯಾ. ಉಸುಕು ಇಲ್ಲಿ ರೇತಿ. ಪಾವಟಿಗೆ ಇಲ್ಲಿ ದಾದರ. ಪರೀಕ್ಷೆಯ ಕಾಗದದಲ್ಲಿ ಮೇಸನ್, ಸ್ಯಾಂಡ್, ಸ್ಟೇರ್‌ಕೇಸ್. ಮೂರು ಅಂಕಣ ಗೆರೆ ಎಳೆದು ಕನ್ನಡ, ಗುಜರಾತಿ, ಇಂಗ್ಲಿಷ್ ಮೂರನ್ನೂ ಎದುರೆದುರು ಬರೆದುಕೊಳ್ಳುವ ಅಭ್ಯಾಸ ಮಾಡಿದರೆ ಸೈಟಿಗೂ ಆಯಿತು, ಪರೀಕ್ಷೆಗೂ ಆಯಿತು.

ಕಟ್ಟಡ ವಿದ್ಯೆಗೆ ಇನ್ನೊಂದು ಅನುಕೂಲವಿದೆ. ಪಾಠದ ವಸ್ತು ನಮ್ಮ ತಲೆಯ ಮೇಲೆಯೇ ಇರುತ್ತದೆ. ಬಾಡಿಗೆಯ ಕೋಣೆಯನ್ನು ಟೇಪು ಹಿಡಿದು ಅಳೆಯಿರಿ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ ಇದೆಯೆನ್ನಿ. ಐವತ್ತಕ್ಕೆ ಒಂದರ ಪ್ರಮಾಣದಲ್ಲಿ ಬರೆದರೆ ಪ್ರತಿ ಗೋಡೆ ಕಾಗದದ ಮೇಲೆ ಆರು ಸೆಂಟಿಮೀಟರ್. ಬಾಗಿಲು, ಕಿಟಕಿ, ಗೋಡೆಯ ದಪ್ಪ ಎಲ್ಲ ತೋರಿಸಿ. ಈಗ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ತೆರೆಯಿರಿ. 1970ರಲ್ಲಿ ಮೊದಲು ಹೊರಬಂದ ಈ ಗ್ರಂಥ 2016ರಲ್ಲಿ ಮತ್ತೆ ಪರಿಷ್ಕರಣೆಗೊಂಡಿತು. ಒಂದೇ ವಾಸದ ಕೋಣೆ ಇರುವಲ್ಲಿ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ ಸಂಹಿತೆ. ನಿಮ್ಮದು ಒಂಬತ್ತು. ಬಿಸಿಲೂ ತೇವವೂ ಕೂಡಿದ ಹವೆಯಲ್ಲಿ ಗಾಳಿ ಬೆಳಕಿನ ತೆರವು ನೆಲದ ಆರನೆಯ ಒಂದು ಪಾಲಾದರೂ ಇರಬೇಕು. ಒಣ ಬಿಸಿಯ ಹವೆಗೆ ಹತ್ತನೆಯ ಒಂದು ಪಾಲು. ಸಮುದ್ರ ಹತ್ತಿರವಿರುವ ನಮ್ಮ ಭಾಗಕ್ಕೆ ಮೊದಲಿನದು ಅನ್ವಯಿಸುತ್ತದೆ. ಒಂಬತ್ತರ ಆರನೆಯ ಪಾಲು ಒಂದೂವರೆ ಚದರ ಮೀಟರ್. ನಿಮ್ಮ ಕಿಟಕಿ ಎಷ್ಟಿದೆ ಎಂದು ನಾವು ಕೇಳುವುದಿಲ್ಲ. ಉತ್ತರ ನಮಗೂ ಗೊತ್ತು.

ಅಲ್ಲಿಂದ ಹೊರಗೆ ಬಂದು ಮೆಟ್ಟಿಲನ್ನು ಅಳೆಯಿರಿ. ಹದಿನೇಳನೆಯ ಶತಮಾನದಲ್ಲಿ ಬ್ಲಾಂಡೆಲ್ ಎಂಬ ಫ್ರೆಂಚ್ ಪಂಡಿತ ಮನುಷ್ಯನ ನಡಿಗೆಯ ಹೆಜ್ಜೆ ನೋಡಿ ಒಂದು ಸೂತ್ರ ಹೇಳಿದ. ಮೆಟ್ಟಿಲಿನ ಎತ್ತರವನ್ನು ಎರಡರಿಂದ ಗುಣಿಸಿ, ಅದಕ್ಕೆ ಕಾಲಿಡುವ ಅಗಲವನ್ನು ಕೂಡಿಸಿದರೆ ಸುಮಾರು 60ರಿಂದ 65 ಸೆಂಟಿಮೀಟರ್ ಬರಬೇಕು. ಹದಿನೈದು ಸೆಂಟಿಮೀಟರ್ ಎತ್ತರ, ಮೂವತ್ತು ಅಗಲ ಆದರೆ ಮೊತ್ತ 60, ಹತ್ತಲು ಸುಖ. ಮೂರು ಮೀಟರ್ ಎತ್ತರದ ಅಂತಸ್ತಿಗೆ ಇಂತಹ ಇಪ್ಪತ್ತು ಏರುಗಳು ಬೇಕು. ನಡುವೆ ಕಟ್ಟೆ ಬಿಟ್ಟು ಎರಡು ಸಾಲು ಮಾಡಿದರೆ ಒಂದೊಂದು ಸಾಲಿಗೆ ಹತ್ತು ಏರು, ಒಂಬತ್ತು ಹಾಸು, ಎಂದರೆ 2.7 ಮೀಟರ್ ಉದ್ದ. ಜಾಗ ಉಳಿಸಲು ಹೊರಟವರು ಎತ್ತರವನ್ನು ಇಪ್ಪತ್ತಕ್ಕೆ ಏರಿಸಿ ಅಗಲವನ್ನು ಇಪ್ಪತ್ತೆರಡಕ್ಕೆ ಇಳಿಸುತ್ತಾರೆ. ಆಗ ಮೊತ್ತ 62. ಸೂತ್ರ ಬಾಯಿಪಾಠ ಮಾಡಿದವನು ಸರಿ ಎನ್ನುತ್ತಾನೆ. ಸಂಹಿತೆ ಓದಿದವನು ಒಪ್ಪುವುದಿಲ್ಲ. ವಾಸದ ಮನೆಗೆ ಎತ್ತರ 19 ಸೆಂಟಿಮೀಟರ್ ಮೀರಬಾರದು, ಅಗಲ 25ಕ್ಕೆ ಕಡಿಮೆ ಇರಬಾರದು ಎಂಬುದು ಅವನಿಗೆ ಗೊತ್ತು. ತುಂಬಿದ ಬಕೆಟು ಹಿಡಿದ ಬಸುರಿ ಹೆಂಗಸು ಅಥವಾ ಹೊಗೆಯಲ್ಲಿ ಕಣ್ಣು ಕಾಣದೆ ಓಡುವ ಮಗು ಆ ಇಪ್ಪತ್ತೆರಡರ ಹಾಸಿನ ಮೇಲೆ ಹಿಮ್ಮಡಿ ಊರಲಾರದು. ಪರೀಕ್ಷಕರು ಕೇಳುವುದು ಇಂತಹ ಜಾಗದಲ್ಲಿಯೇ: ಸೂತ್ರಕ್ಕೂ ನಿಯಮಕ್ಕೂ ನಡುವಿನ ಸಂದಿನಲ್ಲಿ. ನಪಾಸಾದವರು ತಮ್ಮ ಹಳೆಯ ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಿದರೆ ಅಂಕ ಕಳೆದುಹೋದ ಪ್ರಶ್ನೆಗಳಲ್ಲಿ ಎಷ್ಟೋ ಈ ಜಾತಿಯವೇ ಎಂಬುದು ಕಾಣಬಹುದು.

ಮನೆಯವರ ಮಾತನ್ನೂ ಬಿಡುವಂತಿಲ್ಲ. ಊರಿಗೆ ಕಳಿಸುವ ಹಣದಲ್ಲಿ ಪರೀಕ್ಷೆಯ ಫೀಜು ಕಡಿತವಾಗುತ್ತದೆ; ಒಂದು ಸಲ ಸೋತರೆ ಎರಡನೆಯ ಸಲ ಕೇಳಲು ನಾಚಿಕೆಯಾಗುತ್ತದೆ. ಮೊದಲೇ 'ಎರಡು ಮೂರು ಸಲ ಕೂರಬೇಕಾದೀತು, ಇಷ್ಟು ಖರ್ಚು' ಎಂದು ತಂದೆತಾಯಿಗೆ, ಹೆಂಡತಿಗೆ ಲೆಕ್ಕ ಒಪ್ಪಿಸಿದವರಿಗೆ ಈ ಕಷ್ಟ ಕಡಿಮೆ.

ಕೊನೆಯದಾಗಿ ಅರ್ಜಿ ತುಂಬುವ ವಿಷಯ. ಸಣ್ಣದೆಂದು ಕಂಡರೂ ಇದರಲ್ಲಿ ವರ್ಷವೇ ಕಳೆದುಹೋಗಬಹುದು. ನಮ್ಮಲ್ಲಿ ಊರು, ತಂದೆಯ ಹೆಸರುಗಳ ಮೊದಲಕ್ಷರವನ್ನು ಮುಂದಿಟ್ಟು ಹೆಸರು ಬರೆಯುವ ರೂಢಿ. ಗುಜರಾತಿನ ಅರ್ಜಿಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಮನೆಗಳಿರುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು, ಅರ್ಜಿಯಲ್ಲಿ ಮೂರನೆಯದು ಆದರೆ ಪಾಸಾದ ಮೇಲೂ ಸರ್ಟಿಫಿಕೇಟು ಕೈಗೆ ಬರುವುದು ಪ್ರಯಾಸ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಒಂದು ಅಕ್ಷರವೂ ಹೆಚ್ಚು ಕಡಿಮೆಯಾಗದಂತೆ ಎಲ್ಲ ಕಡೆ ಬರೆಯಿರಿ. ಆಧಾರಿನಲ್ಲಿ ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳಿ. ತುಂಬಿದ ಅರ್ಜಿಯನ್ನು ಕಳಿಸುವ ಮುನ್ನ ವಾಚನಾಲಯಕ್ಕೆ ತಂದರೆ ಇನ್ನೊಬ್ಬರ ಕಣ್ಣಿನಿಂದಲೂ ಒಮ್ಮೆ ಓದಿಸಬಹುದು. ಅಂಕಪಟ್ಟಿಯ ಪ್ರತಿಯೂ ಜೊತೆಗಿರಲಿ.